ಅವ್ವ ತೊಳೆದು ಕೊಟ್ಟ ಡಬ್ಬಿ

ಮೊನ್ನೆ ಸಂಜೆ ಹಿತ್ತಿಲ ಬಾಗಿಲಲ್ಲಿ ಕುಳಿತು ಮೆಂತೆ ಸೊಪ್ಪು ಬಿಡಿಸುತ್ತಿದ್ದೆ. ಒಗೆಯುವ ಕಲ್ಲಿನಿಂದ ಸೋಪಿನ ವಾಸನೆ, ತುಳಸಿ ಕಟ್ಟೆಯಿಂದ ಹಸಿ ಮಣ್ಣಿನ ವಾಸನೆ, ಪಕ್ಕದ ಮನೆಯವರು ಹುರಿಯುತ್ತಿದ್ದ ಶೇಂಗಾದ ವಾಸನೆ. ಎಲ್ಲವೂ ಇರಬೇಕಾದ ಜಾಗದಲ್ಲಿಯೇ ಇದ್ದವು. ಇವುಗಳ ನಡುವೆ ಎಳೆಯಷ್ಟು ತೆಳ್ಳಗೆ ಇನ್ನೊಂದು ವಾಸನೆ ತೂರಿ ಬಂತು. ಬೆಳ್ಳುಳ್ಳಿ ಕೊಳೆತ ಹಾಗೆ, ಅದಕ್ಕೆ ಯಾರೋ ಸೀಮೆಎಣ್ಣೆ ಚಿಮುಕಿಸಿದ ಹಾಗೆ. ನೀವು ನನ್ನ ಪಕ್ಕದಲ್ಲಿಯೇ ಕುಳಿತಿದ್ದರೂ ನಿಮಗದು ಗೊತ್ತಾಗುತ್ತಿರಲಿಲ್ಲ. ನನಗೆ ಮಾತ್ರ ಕೈಯಲ್ಲಿದ್ದ ಸೊಪ್ಪು ಜಾರಿತು.

ತಲೆ ಎತ್ತಿ ನೋಡಿದರೆ ಸಾನ್ವಿ ನಿಂತಿದ್ದಾಳೆ. ನನ್ನ ತಂಗಿ ವಿಮಲಾಳ ಮೊಮ್ಮಗಳು, ಯುಕೆಜಿ. ಕೈಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ.

"ದೊಡ್ಡಜ್ಜಿ, ಇದನ್ನ ನಾ ಸ್ಕೂಲಿಗಿ ಒಯ್ತೀನಿ. ಗಿಡಕ್ಕ ನೀರು ಹಾಕೋ ರೇಸ್ ಅದ. ಮಿಸ್ ಹಳಿ ಡಬ್ಬಿ ತರ್ರಿ ಅಂದಾರ."

ನಾನು ಎದ್ದ ರಭಸಕ್ಕೆ ಬುಟ್ಟಿ ಮಗುಚಿತು. "ಕೆಳಗ ಇಡು! ಪುಟ್ ಇಟ್ ಡೌನ್!" ಎಂದು ಕೂಗಿದೆ. ನಾನು ಹೆದರಿದಾಗ ಇಂಗ್ಲಿಷ್ ತಾನಾಗಿಯೇ ಹೊರಗೆ ಬರುತ್ತದೆ. ಕಾನ್ವೆಂಟಿನ ಮದರ್‌ಗಳು ಬೈಯುತ್ತಿದ್ದ ಭಾಷೆ ಅದು, ಭಯವೂ ಅದೇ ಭಾಷೆಯಲ್ಲಿ ಒಳಗೆ ಹೋಗಿ ಕುಳಿತಿರಬೇಕು. ಹುಡುಗಿ ಡಬ್ಬಿ ಬಿಟ್ಟು ಅಳಲು ಶುರುಮಾಡಿದಳು. ವಿಮಲಾ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು.

"ಏನಾತಕ್ಕ? ಹಾವ ಬಂತೇನ?"

"ಈ ಡಬ್ಬಿ ಎಲ್ಲಿದು?"

"ಹೊಲದ್ದು. ಗಾಡಿ ತೊಳ್ಯಾಕ ಇವರು ಇಟಗೊಂಡಾರ. ಅಷ್ಟಕ್ಕ ಹಿಂಗ ಚೀರೋದೇನ? ನಮ್ಮ ಎದಿ ಒಡದು ಹೋಗಬೇಕು."

ನಾನು ಸಾನ್ವಿಯನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಮತ್ತೆ ತೊಳೆದೆ. ಆಮೇಲೆ ಅವಳ ಬಾಯಿಯ ಹತ್ತಿರ ಮೂಗು ಒಯ್ದು ಮೂಸಿದೆ. ಅಳುತ್ತಿದ್ದ ಹುಡುಗಿಗೆ ಇದು ವಿಚಿತ್ರ ಅನಿಸಿ ಅಳು ನಿಂತಿತು. ವಿಮಲಾ ನನ್ನನ್ನು ನೋಡುತ್ತ ನಿಂತಳು. ಅವಳ ಮುಖದಲ್ಲಿ ಸಿಟ್ಟು ಹೋಗಿ ಬೇರೊಂದು ಚಿಂತೆ ಬಂದಿತ್ತು. ಅಕ್ಕನಿಗೆ ವಯಸ್ಸಾಯಿತು, ಯಾರಿಗಾದರೂ ತೋರಿಸಬೇಕೋ ಏನೋ ಎನ್ನುವ ಚಿಂತೆ.

ನಾನು ಮೂಲತಃ ಪುಕ್ಕಲಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗುಲ್ಬರ್ಗಾದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ನಮಗೆ ಭಯವನ್ನು ಹೈಜೀನ್ ಎಂಬ ಹೆಸರಿನಲ್ಲಿ ಕಲಿಸುತ್ತಿದ್ದರು. ಉಗುರಿನ ಕೆಳಗೆ ಜರ್ಮ್ಸ್, ಬಾಗಿಲ ಹಿಡಿಕೆಯ ಮೇಲೆ ಜರ್ಮ್ಸ್, ಕುಯ್ದಿಟ್ಟ ಹಣ್ಣಿನ ಮೇಲಂತೂ ಜರ್ಮ್ಸ್‌ನ ಜಾತ್ರೆ. ಮದುವೆಯಾಗಿ ಶಹಾಪುರದ ಕಡೆ ಬಂದೆ. ನಮ್ಮ ಯಜಮಾನರದು ಕೆನಾಲಿನ ಕೆಲಸ, ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ವಾಸ. ಮೊದಲನೇ ದಿನ ಆ ಕೆನಾಲನ್ನು ನೋಡಿ ನನಗೆ ಜ್ವರ ಬಂದಿತ್ತು ಎಂದರೆ ನಂಬುತ್ತೀರಾ? ಇಳಿಜಾರು ಕಾಂಕ್ರೀಟು, ಅದರ ಮೇಲೆ ಹಸಿರು ಪಾಚಿ, ಕೆಳಗೆ ಸದ್ದಿಲ್ಲದೆ ಓಡುವ ಕಂದು ನೀರು. ಜಾರಿ ಬಿದ್ದ ಎಮ್ಮೆಯೇ ಮೇಲೆ ಬರಲಾರದು ಎಂದು ಯಾರೋ ಹೇಳಿದರು. ಹೇಳಬಾರದಿತ್ತು.

ಕ್ಯಾಂಪಿನಿಂದ ಸುರಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಕೆನಾಲಿನ ಆಚೆ ಒಂದು ಊರು. ಅಲ್ಲಿಯ ಹಿರಿಯರು ಸೇರಿ ಒಂದು ಶಿಶುವಿಹಾರ ತೆರೆದಿದ್ದರು. ಎರಡು ಕೋಣೆ, ಒಂದು ನಲ್ಲಿ, ಮುಂದೆ ದೊಡ್ಡ ಬಯಲು. ಇಂಗ್ಲಿಷ್ ಬಲ್ಲವರು ಬೇಕೆಂದು ನನ್ನನ್ನು ಕರೆದರು. ನಾನು ಹೋಗಿ, ಹಿಮವನ್ನೇ ಕಾಣದ ಮಕ್ಕಳಿಗೆ ಹಿಮ ಬೀಳುವ ಪದ್ಯ ಹೇಳಿಕೊಟ್ಟೆ. ಅವರು ಭಕ್ತಿಯಿಂದ ಕಲಿತರು. ಹಿಮ ಎಂದರೆ ಹತ್ತಿ ಎಂದು ಅವರಿಗೆ ಅರ್ಥವಾಗಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಮಕ್ಕಳು ನನ್ನನ್ನು ಇಂಗ್ಲಿಷ್ ಅಕ್ಕೋರು ಎನ್ನುತ್ತಿದ್ದರು. ನನ್ನ ಜೊತೆಗಿದ್ದವಳು ಶಾಂತಾ. ಅವಳು ಓಟದ ಅಕ್ಕೋರು.

ಶಾಂತಾಳನ್ನು ನಿಮಗೆ ಹೇಗೆ ತೋರಿಸಲಿ? ಸಣ್ಣ ಮೈ, ಉದ್ದ ಕಾಲು, ಸೀರೆಯ ನೆರಿಗೆಯನ್ನು ಸದಾ ಒಂದು ಗೇಣು ಮೇಲಕ್ಕೆ ಸಿಕ್ಕಿಸಿರುತ್ತಿದ್ದಳು, ಯಾವ ಗಳಿಗೆಯಲ್ಲಾದರೂ ಓಡಬೇಕಾದೀತು ಎನ್ನುವ ಹಾಗೆ. ಊರು ಬಳಿಚಕ್ರದ ಕಡೆ. ಅಪ್ಪ ಸಣ್ಣ ರೈತ, ಮನೆಯಲ್ಲಿ ಬುದ್ಧನ ಫೋಟೋ. ಕಾಲೇಜಿನಲ್ಲಿ ಖೋಖೋ ಆಡಿ ಗೆದ್ದ ಕಪ್ಪುಗಳು ಅವಳ ಟ್ರಂಕಿನಲ್ಲಿದ್ದವು. ಅವಳಿಗೆ ಬಯಲು ಕಂಡರೆ ಆಟ ಕಾಣುತ್ತಿತ್ತು, ನನಗೆ ಬಯಲು ಕಂಡರೆ ಚೇಳು ಕಾಣುತ್ತಿತ್ತು.

ಗಿಡ ಕಡಿಯಬಾರದು, ಕಸ ಎಸೆಯಬಾರದು, ನೀರು ಪೋಲು ಮಾಡಬಾರದು ಎಂದು ನಾನು ಚಾರ್ಟ್ ಬರೆದು ಗೋಡೆಗೆ ಹಚ್ಚಿದ್ದೆ. ನೀಟಾಗಿ, ಬಣ್ಣದ ಪೆನ್ಸಿಲಿನಲ್ಲಿ. ಅವಳು ಅದನ್ನು ನೋಡಿ ನಕ್ಕಳು. "ಮೇಡಂ, ಸಣ್ಣ ಹುಡುಗ್ರಿಗಿ ಕಿವಿಯಾಗ ಹೇಳಿದ್ರ ನಿಲ್ಲೋದಿಲ್ರಿ. ಕಾಲಾಗ ಹಾಕ್ರಿ, ಕೈಯಾಗ ಹಾಕ್ರಿ. ಮೈಗಿ ಗೊತ್ತಾದ್ರ ಮರಿಯಂಗಿಲ್ಲ."

ಹಾಗೆ ಅವಳ ಡ್ರಿಲ್ ಶುರುವಾಯಿತು. "ಗಿಡ ಆಗ್ರಿ" ಎಂದರೆ ಮಕ್ಕಳೆಲ್ಲ ಒಂಟಿ ಕಾಲಲ್ಲಿ ನಿಂತು ಕೈ ಮೇಲೆತ್ತಬೇಕು. "ಗಾಳಿ ಬಂತು" ಎಂದರೆ ಬಾಗಬೇಕು, ಆದರೆ ಬೇರು ಕೀಳಬಾರದು. ಗುಟ್ಕಾ ಚೀಟಿಗಳನ್ನು ಆರಿಸಲು ಕಪ್ಪೆಯ ಹಾಗೆ ಕುಪ್ಪಳಿಸುತ್ತ ಹೋಗಬೇಕು. ಉದುರಿದ ಬೇವಿನ ಎಲೆಯನ್ನೆಲ್ಲ ಗುಂಡಿಗೆ ತುಂಬಿ ಅದರ ಮೇಲೆ ಕುಣಿಯಬೇಕು, ಗೊಬ್ಬರವಾಗಲಿ ಎಂದು. ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು "ಗುಡ್ಡ ಆಗ್ರಿ." ಶಹಾಪುರದ ಗುಡ್ಡ ಮನುಷ್ಯ ಮಲಗಿದ ಹಾಗೆ ಕಾಣುತ್ತದಲ್ಲ, ಹಾಗೆ ಎಲ್ಲರೂ ಅಂಗಾತ ಮಲಗಿ ಅಲುಗದೆ ಇರಬೇಕು. ಹಕ್ಕಿ ಬಂದರೂ ಅಲುಗಬಾರದು, ಇರುವೆ ಬಂದರೂ ಅಲುಗಬಾರದು. ಯಾರು ಕೊನೆಯವರೆಗೆ ಗುಡ್ಡವಾಗಿರುತ್ತಾರೋ ಅವರಿಗೆ ಶಹಬ್ಬಾಸ್.

ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಂತು ಹೆದರುತ್ತಿದ್ದೆ. ಬಿಸಿಲು ಬಡಿದೀತು. ಎಲೆಗುಂಡಿಯಲ್ಲಿ ಹಾವಿದ್ದೀತು. ಯಾವನಾದರೂ ಕಣ್ಣು ತಪ್ಪಿಸಿ ಕೆನಾಲಿಗೆ ಓಡಿಯಾನು. ಆ ಕೆನಾಲಿನ ಕಡೆ ನಾನು ಬೆನ್ನು ತಿರುಗಿಸಿ ನಿಂತದ್ದೇ ಇಲ್ಲ. ಶಾಂತಾ ರೇಗಿಸುತ್ತಿದ್ದಳು: "ಮೇಡಂ, ನೀವು ಅದನ್ನ ಹಿಂಗ ದಿಟ್ಟಿಸಿ ನೋಡಿದ್ರ ನಿಮಗ ಹೆದರಿ ಅದೇ ಹೊಳ್ಳಿ ಹರೀತದ ನೋಡ್ರಿ." ನನ್ನ ಭಯವೆಲ್ಲ ಹೊರಗಿನದು. ಬಯಲಿನಿಂದ, ಬಿಸಿಲಿನಿಂದ, ನೀರಿನಿಂದ ಬರುವಂಥದ್ದು. ಮನೆಯ ಒಳಗಿನಿಂದ, ತಾಯಿಯ ಕೈಯಿಂದಲೇ ಅದು ನಡೆದು ಬಂದೀತು ಎಂದು ನನ್ನ ಪುಕ್ಕಲು ತಲೆಗೂ ಹೊಳೆದಿರಲಿಲ್ಲ.

ಬಯಲಿನ ಅಂಚಿಗೆ ಹೊಂಗೆ, ಬೇವು ಸಸಿಗಳನ್ನು ನೆಟ್ಟಿದ್ದೆವು. ಬೇಸಿಗೆ ಬಂತು. ನಿಮಗೆ ಗೊತ್ತಲ್ಲ ನಮ್ಮ ಕಡೆಯ ಬೇಸಿಗೆ, ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ನೆಲ ಕಾದಿರುತ್ತದೆ. ಸಸಿಗಳು ಬಾಡತೊಡಗಿದವು. ಶಾಂತಾ ಮಕ್ಕಳಿಗೆ ಹೇಳಿದಳು: "ನಾಳೆ ಎಲ್ಲಾರೂ ಮನ್ಯಾಗಿಂದ ಒಂದೊಂದು ಖಾಲಿ ಡಬ್ಬಿ ತರ್ರಿ. ನಲ್ಲಿಯಿಂದ ಗಿಡದ ತನಕ ಓಡೋ ಆಟ ಆಡೋಣು."

ಇದರಲ್ಲಿ ಏನು ತಪ್ಪಿದೆ ಹೇಳಿ? ಬಳಿಚಕ್ರದ ಕಡೆ ಮಳೆ ನಂಬಿದ ಹೊಲಗಳು. ಜೋಳ, ತೊಗರಿ. ಆಗ ಅಲ್ಲಿ ಬೆಳೆಗೆ ಹುಳದ ಔಷಧಿ ಹೊಡೆಯುವವರು ಕಡಿಮೆ. ಅವಳ ಮನೆಯಲ್ಲಿ ಖಾಲಿ ಡಬ್ಬಿ ಎಂದರೆ ಬೆಲ್ಲದ್ದು, ಅಡುಗೆಯ ಒಳ್ಳೆಣ್ಣೆಯದು. ಅದು ನೀರು ತುಂಬಿಡುವ ಅಪರೂಪದ ವಸ್ತು, ಅವಳ ಅವ್ವ ಮುಚ್ಚಿಟ್ಟುಕೊಳ್ಳುವಂಥದ್ದು. ಈ ಕಡೆ ಕೆನಾಲು ಬಂದು ಭತ್ತ ಬಂದಿತ್ತು, ಭತ್ತದ ಹಿಂದೆ ಔಷಧಿ ಬಂದಿತ್ತು. ಇಲ್ಲಿ ಮನೆಮನೆಯಲ್ಲೂ ಇದ್ದ ಖಾಲಿ ಡಬ್ಬಿ ಅದೇ. ಗಟ್ಟಿ ಪ್ಲಾಸ್ಟಿಕ್, ಚಂದದ ಬಣ್ಣ, ಹಿಡಿಯಲು ಹಿಡಿಕೆ. ಅದನ್ನು ಯಾರು ಬಿಸಾಡುತ್ತಾರೆ? ತೊಳೆದು ಹೊಲಕ್ಕೆ ನೀರು ಒಯ್ಯುತ್ತಿದ್ದರು, ಬಯಲಕಡೆಗೆ ಒಯ್ಯುತ್ತಿದ್ದರು, ಸೀಮೆಎಣ್ಣೆ ತರುತ್ತಿದ್ದರು. ಶಾಂತಾಗೆ ಡಬ್ಬಿಯ ಹುಟ್ಟು ಗೊತ್ತಿರಲಿಲ್ಲ. ಊರವರಿಗೆ ಗೊತ್ತಿತ್ತು, ಆದರೆ ತೊಳೆದ ಮೇಲೆ ಅದರ ಹುಟ್ಟು ತೊಳೆದುಹೋಗುತ್ತದೆ ಎಂದು ನಂಬಿದ್ದರು.

ಮರುದಿನ ಮಕ್ಕಳು ಬಂದರು, ಕೆಂಪು, ಹಸಿರು, ಬಿಳಿ ಡಬ್ಬಿಗಳನ್ನು ಹಿಡಿದು, ಮೆರವಣಿಗೆಯ ಹಾಗೆ. ಭಾಗ್ಯಳ ಡಬ್ಬಿ ನೀಲಿ. ಭಾಗ್ಯ ಎಂದರೆ ಕೂಲಿಗೆ ಹೋಗುವ ಮಲ್ಲಮ್ಮನ ಒಬ್ಬಳೇ ಮಗಳು, ಮುಂದಿನ ಹಲ್ಲು ಬಿದ್ದಿತ್ತು, ಮಾತಾಡಿದರೆ ಸೀಟಿ ಹೊಡೆದ ಹಾಗೆ ಕೇಳುತ್ತಿತ್ತು. ಅವಳ ಡಬ್ಬಿಯ ಮೇಲೆ ಚೀಟಿಯ ಗುರುತೂ ಇರಲಿಲ್ಲ. ಮಲ್ಲಮ್ಮ ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆ ತಿಕ್ಕುವ ಹಾಗೆ ತಿಕ್ಕಿದ್ದಳು. ಬಿಸಿಲಿಗೆ ಅದು ಫಳಫಳ ಹೊಳೆಯುತ್ತಿತ್ತು. ಮಕ್ಕಳು ಸುತ್ತ ನೆರೆದರು.

"ಎಷ್ಟ್ ಚಂದ ಅದ! ಹೊಸಾದೇನ?"

"ಇಲ್ಲ, ಅವ್ವ ತೊಳದು ಕೊಟ್ಟಾಳ" ಎಂದಳು ಭಾಗ್ಯ, ಕತ್ತು ನೆಟ್ಟಗೆ ಮಾಡಿ.

ಆಟ ಬಹಳ ಚೆನ್ನಾಗಿ ನಡೆಯಿತು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಶಾಂತಾಳಿಗೆ ಅನ್ಯಾಯವಾಗುತ್ತದೆ. ಓಡುವುದು, ಚೆಲ್ಲದೆ ಓಡುವುದು, ಚೆಲ್ಲಿದ ಜಾಗಕ್ಕೆ ಮಣ್ಣು ಮುಚ್ಚಿ ಮತ್ತೆ ಓಡುವುದು. ಅವತ್ತು ಆ ಮಕ್ಕಳ ಮೈಗೆ ನೀರಿನ ತೂಕ ಗೊತ್ತಾಯಿತು. ಬಾಡಿದ ಸಸಿಯ ಬುಡ ನೀರನ್ನು ಸೊರ್ ಎಂದು ಎಳೆದುಕೊಳ್ಳುವುದನ್ನು ಅವರು ಕುಕ್ಕರಗಾಲಿನಲ್ಲಿ ಕುಳಿತು ಕಿವಿಗೊಟ್ಟು ಕೇಳಿದರು. ನಾನೂ ಒಂದು ಗಳಿಗೆ ಕೊಡೆ ಮಡಚಿಟ್ಟೆ.

ಆಮೇಲೆ ಯಾರೋ ಕೂಗಿದರು: "ಅಕ್ಕೋರ, ಭಾಗ್ಯ ಗುಡ್ಡ ಆಗ್ಯಾಳ್ರಿ!"

ಹೌದು, ಹೊಂಗೆ ಸಸಿಯ ಪಕ್ಕದಲ್ಲಿ ಭಾಗ್ಯ ಅಂಗಾತ ಮಲಗಿದ್ದಳು. ಮಕ್ಕಳು ನಗುತ್ತಿದ್ದರು. ಆಟ ಬದಲಾಯಿತು ಎಂದುಕೊಂಡು ಒಂದಿಬ್ಬರು ತಾವೂ ಮಲಗಿದರು. ಒಬ್ಬ ಹುಲ್ಲುಕಡ್ಡಿಯಿಂದ ಅವಳ ಮೂಗಿಗೆ ಕಚಗುಳಿ ಇಟ್ಟ. ಅವಳು ಅಲುಗಲಿಲ್ಲ. "ಶಹಬ್ಬಾಸ್ ಭಾಗ್ಯ!" ಎಂದ ಅವನು.

ನಾನು ಹತ್ತಿರ ಹೋದೆ. ಬಾಯಿಯ ಪಕ್ಕದಿಂದ ಜೊಲ್ಲು ಇಳಿಯುತ್ತಿತ್ತು. ಮೈಯೆಲ್ಲ ಬೆವರು, ಮುಟ್ಟಿದರೆ ತಣ್ಣಗೆ. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಕರಿಯ ಬೊಟ್ಟು ಸಾಸಿವೆಯಷ್ಟಾಗಿತ್ತು. ಮತ್ತು ಆ ವಾಸನೆ. ಕೊಳೆತ ಬೆಳ್ಳುಳ್ಳಿ, ಸೀಮೆಎಣ್ಣೆ. ಬಾಯಾರಿಕೆಯಾಗಿ ಡಬ್ಬಿಯಲ್ಲಿ ಉಳಿದ ನೀರನ್ನು ಕುಡಿದಿದ್ದಳು.

ಶಾಂತಾ ಒಂದು ಸಲ ಡಬ್ಬಿ ಮೂಸಿದಳು, ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ಕಡೆ ಓಡಿದಳು. ಅವಳು ಗೆದ್ದ ಕಪ್ಪುಗಳನ್ನು ನಾನು ಟ್ರಂಕಿನಲ್ಲಿ ನೋಡಿದ್ದೆ, ಓಟವನ್ನು ನೋಡಿದ್ದು ಅವತ್ತೇ. ಎದುರು ಬಂದ ಟಂಟಂ ಆಟೋಗೆ ಅಡ್ಡ ನಿಂತಳು. ಅದರಲ್ಲಿದ್ದ ಸಂತೆಯ ಜನ ಮೂಟೆಗಳ ಸಮೇತ ಕೆಳಗಿಳಿದರು. ಹೋಗುವಾಗ ತಿರುಗಿ ಕೂಗಿದಳು: "ಮೇಡಂ, ಉಳದವರನ್ನ ನೋಡ್ರಿ! ಯಾರ್ಯಾರು ಕುಡದಾರ ನೋಡ್ರಿ!"

ಉಳಿದವರು. ನಾನು ತಿರುಗಿ ನೋಡಿದೆ. ಬಯಲಿನ ತುಂಬ ಮಕ್ಕಳು, ಅವರ ಕೈಯಲ್ಲಿ ಬಣ್ಣ ಬಣ್ಣದ ಡಬ್ಬಿಗಳು. ಓಟದಲ್ಲಿ ಡಬ್ಬಿಗಳು ಕೈಯಿಂದ ಕೈಗೆ ಬದಲಾಗಿದ್ದವು. ಯಾರದು ಯಾರ ಕೈಯಲ್ಲಿತ್ತೋ, ಯಾರು ಯಾವುದಕ್ಕೆ ಬಾಯಿ ಹಚ್ಚಿದ್ದರೋ.

ಒಳಗೆ ಕೂರಿಸಿ ಕೇಳಿದೆ: "ಡಬ್ಬಿ ನೀರು ಯಾರ್ಯಾರು ಕುಡದೀರಿ? ಕೈ ಎತ್ರಿ."

ಎಲ್ಲರೂ ಕೈ ಎತ್ತಿದರು.

 ಮತ್ತೆ ಕೇಳಿದೆ: "ಯಾರು ಕುಡದಿಲ್ಲ?"

ಎಲ್ಲರೂ ಕೈ ಎತ್ತಿದರು. ಇನ್ನೂ ಎತ್ತರಕ್ಕೆ, ಇನ್ನೂ ಉತ್ಸಾಹದಿಂದ.

ಕೈ ಎತ್ತಿದವರಿಗೆ ವೆರಿ ಗುಡ್ ಎನ್ನುವುದು ನನ್ನ ಕ್ಲಾಸಿನ ಪದ್ಧತಿ. ನೋಡಿ, ಎಂಥ ಶಿಸ್ತು. ನಗಬೇಕೆನಿಸಿತು, ನಕ್ಕರೆ ಅಳು ಬರುತ್ತಿತ್ತು. ಆಗ ನನಗೆ ತೋಚಿದ್ದು ಒಂದೇ. ಮಂಡಿಯೂರಿ ಕುಳಿತು ಒಬ್ಬೊಬ್ಬರನ್ನೇ ಹತ್ತಿರ ಕರೆದು "ಆ ಅನ್ನು" ಎಂದು ಬಾಯಿ ಮೂಸತೊಡಗಿದೆ. ಇತರರ ಎಂಜಲು ಲೋಟ ಮುಟ್ಟದ ನಾನು. ಒಂದು ಬಾಯಿಯಲ್ಲಿ ಶೇಂಗಾ ಹಿಂಡಿ, ಒಂದರಲ್ಲಿ ಉಳ್ಳಾಗಡ್ಡಿ, ಒಂದರಲ್ಲಿ ಬರೀ ಹಸಿವು. ಹಸಿವಿಗೂ ಒಂದು ವಾಸನೆ ಇದೆ, ಗೊತ್ತೇ ನಿಮಗೆ? ಹುಳಿಹುಳಿಯಾಗಿ, ತೆಳ್ಳಗೆ. ಬೆಳ್ಳುಳ್ಳಿ ಹಾಕಿದ ಚಟ್ನಿ ತಿಂದು ಬಂದ ಒಬ್ಬ ಹುಡುಗನನ್ನು ಮೂಸಿ ನಾನು ಬೆವೆತುಹೋದೆ. ಅವನನ್ನು ಬಿಡದೆ ಮಡಿಲಲ್ಲಿ ಕೂರಿಸಿಕೊಂಡು ಕಣ್ಣಿನ ಬೊಟ್ಟು ನೋಡುತ್ತಲೇ ಇದ್ದೆ. ಕುಳಿತವರಲ್ಲಿ ಯಾರು ಆಕಳಿಸಿದರೂ, ಯಾರು ಗೋಡೆಗೆ ಒರಗಿದರೂ "ಏಳು, ಎದ್ದು ನಿಲ್ಲು" ಎಂದು ಕೂಗುತ್ತಿದ್ದೆ. ಅವರಿಗೆ ಇದೂ ಒಂದು ಡ್ರಿಲ್. ಎದ್ದರು, ಕೂತರು, ಎದ್ದರು.

ಸುದ್ದಿ ಹೊಲಗಳಿಗೆ ಮುಟ್ಟಿತು. ತಾಯಂದಿರು ಕೆಸರುಗಾಲಿನಲ್ಲೇ ಓಡಿ ಬಂದರು, ಬಾಗಿಲಲ್ಲಿ ನಿಂತು ನನ್ನನ್ನು ಬಾಯಿಗೆ ಬಂದಂತೆ ಅಂದರು. "ಗಿಡಕ್ಕ ನೀರ ಹಾಕಾಕ ನಮ್ಮ ಕೂಸುಗಳೇ ಬೇಕಾಗಿದ್ವೇನ್ರಿ ನಿಮಗ? ಸಾಲಿಗಿ ಕಳಸೀವೋ, ಕೂಲಿಗಿ ಕಳಸೀವೋ?" ನಾನು ಒಬ್ಬೊಬ್ಬರಿಗೂ ಅವರವರ ಮಗುವನ್ನು ಒಪ್ಪಿಸುವಾಗ ಕೊನೆಯ ಸಲ ಎಂದು ಮೂಸಿ ಕಳಿಸಿದೆ.

ಎಲ್ಲರಿಗಿಂತ ಕೊನೆಗೆ ಬಂದವಳು ಮಲ್ಲಮ್ಮ. ಕೂಗಲಿಲ್ಲ. ಖಾಲಿ ಕೋಣೆಯನ್ನು ನೋಡಿದಳು, ಹೊರಗೆ ಬಿದ್ದಿದ್ದ ನೀಲಿ ಡಬ್ಬಿಯನ್ನು ನೋಡಿದಳು.

"ನಾ ತೊಳದಿದ್ನಲ್ರಿ ಅಕ್ಕೋರ" ಎಂದಳು. "ಭಾಳ ತೊಳದಿದ್ನಲ್ರಿ."

ಆ ದನಿ ನನಗೆ ಇವತ್ತಿಗೂ ಕೇಳುತ್ತದೆ. ಅವಳನ್ನು ನಮ್ಮ ಯಜಮಾನರ ಸ್ಕೂಟರಿನಲ್ಲಿ ಶಹಾಪುರಕ್ಕೆ ಕಳಿಸಿದೆ. ಅಷ್ಟರಲ್ಲಿ ಅಲ್ಲಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು ಮಗುವನ್ನು ಗುಲ್ಬರ್ಗಾಕ್ಕೆ ಕಳಿಸಿಯಾಗಿತ್ತು. ಆಗ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಇದ್ದಾಳೋ ಇಲ್ಲವೋ ಎಂದು ತಿಳಿಯಲು ಬಸ್ಸಿನಿಂದ ಇಳಿಯುವವರ ಮುಖ ನೋಡಬೇಕಿತ್ತು. ನಾನು ದಿನವೂ ಹೋಗಿ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ. ಯಾರಾದರೂ ನನ್ನನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರೆ ಅವರ ಹಿಂದೆಯೇ ಹೋಗಿ ಕೇಳುತ್ತಿದ್ದೆ. ಮನೆಗೆ ಬಂದು ಪ್ರೇಯರ್ ಮಾಡುತ್ತಿದ್ದೆ. ಕಾನ್ವೆಂಟಿನ ಪ್ರೇಯರು ಮುಗಿದ ಮೇಲೆ ನಮ್ಮ ಮನೆದೇವರಿಗೆ, ಆಮೇಲೆ ಶಾಂತಾಳ ಬುದ್ಧನಿಗೂ. ಯಾರಾದರೂ ಒಬ್ಬರು ಕೇಳಿಸಿಕೊಳ್ಳಲಿ.

ಆ ಡಬ್ಬಿಯನ್ನು ನಮ್ಮ ಯಜಮಾನರೇ ಒಂದು ದಿನ ಗರಗಸದಿಂದ ಕೊಯ್ದು ತೋರಿಸಿದರು. ಅದರ ಹಿಡಿಕೆ ಒಳಗೆ ಟೊಳ್ಳು. ಹೊರಗಿನಿಂದ ಎಷ್ಟು ತಿಕ್ಕಿದರೂ, ಒಳಗೆ ಎಷ್ಟು ಸಲ ನೀರು ಕುಲುಕಿಸಿದರೂ ಹಿಡಿಕೆಯ ಆ ಓಣಿಯಲ್ಲಿ ಅಂಟಿಕೊಂಡದ್ದು ಹಾಗೆಯೇ ಇತ್ತು. ಭಾಗ್ಯ ಹಿಡಿದುಕೊಂಡು ಓಡಿದ್ದಾಳೆ, ಓಡಿದಂತೆ ನೀರು ಹಿಡಿಕೆಯೊಳಗೆ ನುಗ್ಗಿ ನುಗ್ಗಿ ಅದನ್ನು ಕರಗಿಸಿ ತಂದಿದೆ. ನಡೆದಿದ್ದರೆ ಅಷ್ಟು ಬರುತ್ತಿರಲಿಲ್ಲವೋ ಏನೋ. ಓಡಿದ್ದಕ್ಕೆ ಬಂತು. ಈ ವಿಚಾರ ನಾನು ಶಾಂತಾಳಿಗೆ ಎಂದೂ ಹೇಳಲಿಲ್ಲ. ನೀವೂ ಹೇಳಬೇಡಿ.

ಭಾಗ್ಯ ಉಳಿದಳು. ಶಾಂತಾ ಗುಲ್ಬರ್ಗಾದಿಂದ ಬಂದು ಬಸ್ಸಿನ ಮೆಟ್ಟಿಲ ಮೇಲಿಂದಲೇ ಕೈ ಮೇಲೆತ್ತಿ ತೋರಿಸಿದಳು, ಗಿಡದ ಹಾಗೆ. ನಾನು ಸ್ಟ್ಯಾಂಡಿನಲ್ಲೇ ಕುಳಿತುಬಿಟ್ಟೆ.

ಆದರೆ ಶಿಶುವಿಹಾರ ಖಾಲಿಯಾಗಿತ್ತು. ಬಂದರೆ ನಾಲ್ಕೈದು ಮಕ್ಕಳು, ಅವರನ್ನೂ ಹೊರಗೆ ಬಿಡಲು ನನಗೆ ಧೈರ್ಯವಿರಲಿಲ್ಲ. ಸಸಿಗಳು ಮತ್ತೆ ಬಾಡಿದವು. ನಾನು ಒಳಗೇ ಕೂರಿಸಿ ಹಿಮದ ಪದ್ಯ ಹೇಳಿಸಿದೆ. ಶಾಂತಾ ಒಂದು ದೊಡ್ಡ ಮೊಳೆ, ಒಂದು ಗುಂಡುಕಲ್ಲು ಹಿಡಿದು ಮನೆಮನೆಗೆ ಹೋದಳು. ಔಷಧಿ ಡಬ್ಬಿ ಕಂಡಲ್ಲಿ ಕುಳಿತು ತೂತು ಹೊಡೆಯುವುದೇ ಅವಳ ಕೆಲಸ. ಜಗಳಗಳಾದವು. ಒಬ್ಬ ಯಜಮಾನ ಕಟ್ಟೆಯ ಮೇಲೆ ನಿಂತು ಕೂಗಿದ: "ಎಲ್ಲಾ ಡಬ್ಬಿ ತೂತ ಮಾಡಿದ್ರ ನಾ ಬಯಲಕಡಿಗಿ ಏನ್ ಒಯ್ಯಲವ್ವ? ನಿನ್ನ ಕಪ್ ಕೊಡ್ತಿಯೇನ?" ಶಾಂತಾ ಕೂತಲ್ಲಿಂದಲೇ, "ಕೊಡ್ತೀನಿ ಕಾಕಾ, ಅದಕ್ಕ ಎರಡ ಕಿವಿ ಅವ, ಹಿಡ್ಯಾಕ ಚಂದ ಆಗ್ತದ" ಎಂದಳು. ಓಣಿಯೇ ನಕ್ಕಿತು. ಡಬ್ಬಿ ತೂತಾಯಿತು.

ಬೇಸಿಗೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಮಲ್ಲಮ್ಮ ಮಗಳನ್ನು ಕರೆದುಕೊಂಡು ಬಂದಳು. ಭಾಗ್ಯ ಬಡಕಲಾಗಿದ್ದಳು, ಮುಂದಿನ ಹಲ್ಲು ಅರ್ಧ ಬಂದಿತ್ತು.

"ಅಕ್ಕೋರ, ಇಕಿ ನೀರ ಒಲ್ಲಂತಾಳ್ರಿ" ಎಂದಳು ಮಲ್ಲಮ್ಮ. "ತಂಬಗಿಯಾಗ ಕೊಟ್ರೂ ಒಲ್ಲ, ಗಿಲಾಸದಾಗ ಕೊಟ್ರೂ ಒಲ್ಲ. ನಾ ತೊಳದು ಕೊಟ್ಟದ್ದಂತೂ ಮುಟ್ಟಾಂಗಿಲ್ಲ. ಕೊಡದಾಗಿಂದ ನಾ ಎತ್ತಿ ಹಾಕಬೇಕು, ತನ್ನ ಕೈಯಾಗ ತಾನ ಹಿಡಕೊಂಡು ಕುಡಿತಾಳ. ನನಗ ಕೂಲಿಗಿ ಹೋಗಬೇಕ್ರಿ. ನಿಮ್ಮಲ್ಲಿ ನಲ್ಲಿ ಅದಲ್ರಿ."

ನಲ್ಲಿ ಇದೆ ಎನ್ನುವ ಕಾರಣಕ್ಕೆ ಅವಳು ಮಗಳನ್ನು ಮತ್ತೆ ನಮ್ಮ ಕೈಗೆ ಕೊಟ್ಟು ಹೋದಳು. ನಾನು ಆ ಹುಡುಗಿಯನ್ನು ದಿನವೆಲ್ಲ ಕಣ್ಣಲ್ಲಿ ಕಟ್ಟಿಹಾಕಿದೆ. ಮಧ್ಯಾಹ್ನಕ್ಕೆ ಮುಂಚೆ ಅವಳು ಎದ್ದು ನಲ್ಲಿಗೆ ಹೋದಳು. ಎರಡೂ ಕೈ ಜೋಡಿಸಿ, ಬೆರಳ ಸಂದು ಬಿಗಿಮಾಡಿ, ಬೊಗಸೆ ಹಿಡಿದಳು. ನೀರನ್ನು ನೋಡಿದಳು, ಮೂಸಿದಳು, ಕುಡಿದಳು. ಮತ್ತೆ ಹಿಡಿದಳು. ಈ ಸಲ ಕುಡಿಯಲಿಲ್ಲ. ಬಿಸಿಲಿಗೆ ಇಳಿದು ಹೊಂಗೆ ಸಸಿಯ ಕಡೆ ನಡೆಯತೊಡಗಿದಳು. ದಾರಿಯುದ್ದಕ್ಕೂ ಬೆರಳ ಸಂದಿಯಿಂದ ಸೋರಿ, ಅಲ್ಲಿ ಮುಟ್ಟಿದಾಗ ಉಳಿದದ್ದು ಒದ್ದೆ ಅಂಗೈ. ಅದನ್ನು ಎಲೆಗೆ ಒರೆಸಿದಳು. ತಿರುಗಿ ಬಂದಳು. ಮತ್ತೆ ಹಿಡಿದಳು.

ನಾನು ಓಡಿ ಹೋಗಿ ತಡೆಯಬೇಕೆಂದಿದ್ದೆ. ಶಾಂತಾ ನನ್ನ ತೋಳು ಹಿಡಿದಳು. ಅವಳ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಅವಳಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಆಮೇಲೆ ಅವಳು ಹೋಗಿ ಭಾಗ್ಯಳಿಂದ ಸ್ವಲ್ಪ ದೂರದಲ್ಲಿ ನಿಂತು ತನ್ನ ಬೊಗಸೆ ಮುಂದೆ ಹಿಡಿದಳು. "ನನ್ನ ಕೈಯಾಗ ಹಾಕವ್ವ. ನಾ ಮುಂದ ಒಯ್ತೀನಿ." ಭಾಗ್ಯ ಬಹಳ ಹೊತ್ತು ಆ ಕೈಗಳನ್ನು ನೋಡಿ, ಬಾಗಿ ಮೂಸಿ, ನೀರು ಹಾಕಿದಳು. ಉಳಿದ ಮಕ್ಕಳು ಯಾರೂ ಕರೆಯದೆ ಬಂದು ಸಾಲಿನಲ್ಲಿ ನಿಂತರು. ಬೊಗಸೆಯಿಂದ ಬೊಗಸೆಗೆ, ಬೊಗಸೆಯಿಂದ ಬೊಗಸೆಗೆ. ದೂರ ನಿಂತರೆ ಸೋರುತ್ತದೆ, ಹತ್ತಿರ ನಿಂತರೆ ಮುಟ್ಟುತ್ತದೆ. ಯಾರೋ ಒಬ್ಬ "ನನಗ ಡಬ್ಬಿ ಇಲ್ರಿ ಅಕ್ಕೋರ" ಎಂದು ಹಳೆಯ ಅಭ್ಯಾಸದಲ್ಲಿ ಅಂದ. ಉತ್ತರ ಕೊಟ್ಟವಳು ಭಾಗ್ಯ, ಸೀಟಿಯ ದನಿಯಲ್ಲಿ: "ಕೈ ಅವಲ್ಲೋ ನಿನಗ!"

ಹೊಂಗೆ ಬದುಕಿತು. ಶಾಂತಾಳಿಗೆ ಗುರುಮಠಕಲ್ ಕಡೆ ಸರಕಾರಿ ಕೆಲಸವಾಯಿತು, ನಾವು ಕ್ಯಾಂಪು ಬಿಟ್ಟೆವು. ಬಹಳ ವರ್ಷಗಳ ಮೇಲೆ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸು, ಚೀಲದಲ್ಲಿ ನೀರಿನ ಬಾಟಲಿ ಇದ್ದರೂ, ನಲ್ಲಿಗೆ ಬಾಗಿ ಒಂದು ಅಂಗೈಯಲ್ಲಿ ಹಿಡಿದು, ಮೂಸಿ ಕುಡಿದದ್ದನ್ನು ನೋಡಿದೆ. ಕೂಗಿ ಕರೆಯೋಣವೆಂದರೆ ಬಸ್ಸು ಹೊರಟಿತು. ಭಾಗ್ಯಳೇ ಇರಬಹುದು. ಮೂಸಿ ಕುಡಿಯುವವರು ಬೇರೆಯವರೂ ಇದ್ದಾರು.

ಮೊನ್ನೆ ಸಂಜೆಗೆ ಬರುತ್ತೇನೆ. ಸಾನ್ವಿಯ ಡಬ್ಬಿಗೆ ನಾನೇ ಮೊಳೆ ಹೊಡೆದು ತೂತು ಮಾಡಿದೆ. ಆದರೆ ಒಂದು ಡಬ್ಬಿಯಿಂದ ಏನಾದೀತು? ಮರುದಿನ ಸ್ಕೂಲಿಗೆ ಇಡೀ ಕ್ಲಾಸು ಡಬ್ಬಿ ಹಿಡಿದು ಬರುತ್ತದೆ. ಸಾನ್ವಿಯ ಮಿಸ್‌ಗೆ ಫೋನ್ ಮಾಡಿದೆ. ಇನ್ನೂ ಹುಡುಗಿ, ಸಿಹಿ ದನಿ.

"ಅಯ್ಯೋ ಆಂಟಿ, ಡೋಂಟ್ ವರಿ. ಎಲ್ಲಾರಿಗೂ ತೊಳದೇ ತರ್ರಿ ಅಂತ ಮೆಸೇಜ್ ಹಾಕೀವಿ."

ಆ ಒಂದು ಮಾತಿಗೆ ನನ್ನ ನಿದ್ದೆ ಹೋಯಿತು. ಬೆಳಿಗ್ಗೆ ವಿಮಲಾ ಬಾಗಿಲಿಗೆ ಅಡ್ಡ ನಿಂತಳು. "ಅಕ್ಕ, ಸಾನ್ವಿಗಿ ಜ್ವರ ಅಂತ ಹೇಳಿ ಮನ್ಯಾಗ ಇಟಗೊಳ್ಳೋಣು. ನೀ ಅಲ್ಲಿ ಹೋಗಿ ಮಂದಿ ಡಬ್ಬಿ ಮೂಸಬ್ಯಾಡ. ನಗ್ತಾರ."

ನನಗೂ ಅದೇ ಬೇಕೆನಿಸಿತು. ನಮ್ಮ ಕೂಸನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡರೆ ಮುಗಿಯಿತಲ್ಲ. ನನ್ನ ಇಡೀ ಆಯುಷ್ಯ ನಾನು ಮಾಡಿದ್ದು ಅದನ್ನೇ. ಆದರೂ ಚಪ್ಪಲಿ ಮೆಟ್ಟಿದೆ.

ಸ್ಕೂಲಿನ ಗೇಟಿನಲ್ಲಿ ನಿಂತೆ. ಒಬ್ಬೊಬ್ಬರನ್ನೇ ನಿಲ್ಲಿಸಿ, "ಒನ್ ಮಿನಿಟ್, ಪುಟ್ಟಾ" ಎಂದು ಡಬ್ಬಿ ಮೂಸಿದೆ. ತಂದೆಯೊಬ್ಬ ಬೈಕಿನ ಮೇಲಿಂದಲೇ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಹಾರ್ಲಿಕ್ಸ್ ವಾಸನೆ, ಪೇಂಟ್ ವಾಸನೆ, ಕೊಬ್ಬರಿ ಎಣ್ಣೆ. ಮಿಸ್ ಮುಜುಗರದಿಂದ ನಗುತ್ತಿದ್ದಳು. ಎಲ್ಲ ಸರಿ ಇದೆ, ನಾನು ಹುಚ್ಚಿಯೇ ಎಂದುಕೊಳ್ಳುವಷ್ಟರಲ್ಲಿ ಎರಡು ಜಡೆಯ ಒಂದು ಹುಡುಗಿ ಬಂದಳು. ಕೈಯಲ್ಲಿ ಹಸಿರು ಡಬ್ಬಿ, ಹಿಡಿಕೆಯದು, ಚೀಟಿಯ ಗುರುತೂ ಇಲ್ಲ. ಬಿಸಿಲಿಗೆ ಹೊಳೆಯುತ್ತಿತ್ತು.

ಮೂಸಿದೆ. ಅದೇ.

"ಯಾರು ಕೊಟ್ರವ್ವ ಇದನ್ನ?"

"ಮಮ್ಮಿ ತೊಳದು ಕೊಟ್ಟಾಳ್ರಿ" ಎಂದಳು, ಕತ್ತು ನೆಟ್ಟಗೆ ಮಾಡಿ.

ಡಬ್ಬಿಯನ್ನು ಮಿಸ್‌ನ ಮೂಗಿಗೆ ಹಿಡಿದೆ. ಅವಳ ನಗು ಹೋಯಿತು. ವಿಡಿಯೋ ಮಾಡುತ್ತಿದ್ದವನು ಮೊಬೈಲು ಕೆಳಗಿಳಿಸಿದ. ಡಬ್ಬಿ ಕಸಿದುಕೊಂಡದ್ದಕ್ಕೆ ಹುಡುಗಿಯ ಕೆಳತುಟಿ ನಡುಗಿತು. "ನನ್ ರೇಸ್?"

"ಕೈ ಅವಲ್ಲವ್ವ ನಿನಗ" ಎಂದೆ. ನನ್ನ ಬಾಯಿಂದ ಬಂದದ್ದು ಭಾಗ್ಯಳ ಮಾತು.

ಎಲ್ಲರ ಕೈಗಳನ್ನೂ ಸೋಪು ಹಚ್ಚಿ ತೊಳೆಸಿದೆವು. ನಲ್ಲಿಯಿಂದ ಗ್ರೌಂಡಿನ ಬೇವಿನ ಸಸಿಯವರೆಗೆ ಮಕ್ಕಳು ಒತ್ತಿ ಒತ್ತಿ ನಿಂತರು. ಸಾಲು ಸಾಲದೆ ಬಂತು. ಸಸಿಯ ಹತ್ತಿರದ ಖಾಲಿ ಜಾಗಕ್ಕೆ ಮಿಸ್ ಹೋಗಿ ನಿಂತಳು, ಅವಳ ಹಿಂದಿನ ಜಾಗಕ್ಕೆ ನಾನು. ಬೊಗಸೆಯಿಂದ ಬೊಗಸೆಗೆ ನೀರು ಹತ್ತಿರವಾಯಿತು. ಎರಡು ಜಡೆಯ ಹುಡುಗಿ ನನ್ನ ಪಕ್ಕದಲ್ಲೇ ಇದ್ದಳು. ಅವಳು ಸುರಿದ ನೀರು ನನ್ನ ಅಂಗೈಗೆ ತಣ್ಣಗೆ ಬಂತು.  ಮೂಗು ತನ್ನಷ್ಟಕ್ಕೆ ತಾನೇ ಬಾಗಿ ಬೊಗಸೆಯ ಹತ್ತಿರ ಹೋಯಿತು.

"ಅಜ್ಜೀ, ಮೂಸಬ್ಯಾಡ್ರಿ!" ಎಂದಳು ಅವಳು. "ಚೆಲ್ಲಾಕತ್ತದ. ಜಲ್ದಿ ಮುಂದ ಕೊಡ್ರಿ!"

ಕೊಟ್ಟೆ.